ಕನ್ನಡದಲ್ಲೇ ಮಾತಾಡ್ತಾರೆ, ಅದೇ ತೊಂದರೆ

ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಬ್ಯಾಂಕ್ ಬ್ರಾಂಚಿನ ಹಿಂದಿನ ಕೋಣೆಯಲ್ಲಿ ಐದಾರು ಜನ ಸೇರುತ್ತಾರೆ. ಎಲ್ಲರದ್ದೂ ತುಳು. ಯಾರೋ ಒಬ್ಬರು ಬಸ್ಸಿನಲ್ಲಿ ನಡೆದದ್ದೋ ಮದುವೆ ಮನೆಯಲ್ಲಿ ನಡೆದದ್ದೋ ಹೇಳುತ್ತಿರುತ್ತಾರೆ. ಉಳಿದವರು ಆಗಲೇ ನಗಲು ತಯಾರಾಗಿರುತ್ತಾರೆ. ಅಷ್ಟರಲ್ಲಿ ನಾನು ಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸುತ್ತೇನೆ. "ಬನ್ನಿ ಸರ್, ಕುಳಿತುಕೊಳ್ಳಿ" ಅನ್ನುತ್ತಾರೆ. ಅಲ್ಲಿಂದ ಮುಂದೆ ಇಡೀ ಕೋಣೆ ಕನ್ನಡ. ಯಾರೂ ಯಾರಿಗೂ ಕಣ್ಸನ್ನೆ ಮಾಡುವುದಿಲ್ಲ, ಮುಖ ಸಪ್ಪಗೆ ಮಾಡುವುದಿಲ್ಲ. ಕಥೆ ಹೇಳುತ್ತಿದ್ದವರು ನನಗೋಸ್ಕರ ಮೊದಲಿಂದ ಶುರು ಮಾಡುತ್ತಾರೆ. "ಎಂತ ಆದದ್ದು ಅಂದ್ರೆ ಸರ್..." ಕಥೆ ಮುಗಿಯುತ್ತದೆ. ನಗು ಮಾತ್ರ ಬರುವುದಿಲ್ಲ. ಎಲ್ಲರೂ ಮರ್ಯಾದೆಗೆ ಒಂದಿಷ್ಟು ನಗುತ್ತಾರೆ, ನಾನು ಎಲ್ಲರಿಗಿಂತ ಜಾಸ್ತಿ ನಗುತ್ತೇನೆ.

ಇದನ್ನು ದೂರು ಅಂತ ಹೇಳಲು ಬಾಯಿ ಬರುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡದವರ ಗೋಳು ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ? ಅಲ್ಲಿ ಅಂಗಡಿಯವನು ಕನ್ನಡ ಮಾತಾಡುವುದಿಲ್ಲ ಅಂತ ಜಗಳ. ಇಲ್ಲಿ ಮಂಗಳೂರಿನಲ್ಲಿ ನನ್ನ ಮುಖ ನೋಡಿದ ತಕ್ಷಣ ಎಲ್ಲರೂ ಕನ್ನಡ ಮಾತಾಡುತ್ತಾರೆ, ಅದೂ ಶುದ್ಧ ಕನ್ನಡ. ಆದರೂ ಏನೋ ಕೊರೆಯುತ್ತಿತ್ತು. ನನ್ನ ರಾಜ್ಯ, ನನ್ನ ಭಾಷೆ, ಇಷ್ಟು ಒಳ್ಳೆಯ ಜನ. ಇಷ್ಟಾದರೂ ನಾನು ಇಲ್ಲಿ ಜಗುಲಿಯಲ್ಲೇ ಕೂತಿದ್ದೇನೆ ಅನ್ನುವ ಭಾವನೆ ಯಾಕೆ ಹೋಗುತ್ತಿಲ್ಲ? ಎಷ್ಟೋ ಸಲ ಸಂಜೆ ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುತ್ತಾ ಇದನ್ನೇ ಯೋಚಿಸಿದ್ದೇನೆ. (ಸ್ಟೇಟ್ ಬ್ಯಾಂಕ್ ಅಂದರೆ ಇಲ್ಲಿ ಬಸ್ ಸ್ಟ್ಯಾಂಡ್. ಬ್ಯಾಂಕಿನ ನೌಕರನಾದ ನನಗೆ ಇದಕ್ಕೆ ಹೊಂದಿಕೊಳ್ಳಲು ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಸಮಯ ಹಿಡಿಯಿತು.)

ಸರ್‌ನೇಮ್ ಇಲ್ಲದವನು

ನಾನು ತಿಪಟೂರಿನ ಕಡೆಯವನು. ನಮ್ಮ ಕಡೆ ಹೆಸರಿನ ಹಿಂದೆ ಎರಡು ಅಕ್ಷರ ಇರುತ್ತವೆ, ಒಂದು ಊರಿನದ್ದು, ಇನ್ನೊಂದು ಅಪ್ಪನದ್ದು. ಹೆಸರಿನ ಮುಂದೆ ಏನೂ ಇರುವುದಿಲ್ಲ. ಇಲ್ಲಿ ಅದು ಆಗುವುದಿಲ್ಲ. ಇಲ್ಲಿ ಎಲ್ಲರ ಹೆಸರಿನ ಮುಂದೆಯೂ ಒಂದು ವಿಳಾಸ ಇದೆ. ಶೆಟ್ಟಿ, ರೈ, ಪೂಜಾರಿ, ಕೋಟ್ಯಾನ್, ಸಾಲ್ಯಾನ್, ಪೈ, ಕಾಮತ್, ಭಟ್, ಡಿಸೋಜ, ಪಿಂಟೋ. ಒಂದು ಸರ್‌ನೇಮ್ ಕೇಳಿದರೆ ಸಾಕು. ಮನೆಯಲ್ಲಿ ಯಾವ ಭಾಷೆ, ಮೀನು ತಿನ್ನುತ್ತಾರಾ ಇಲ್ಲವಾ, ದೈವ ಇದೆಯಾ, ಚರ್ಚ್ ಯಾವುದು, ಎಲ್ಲ ಒಂದೇ ಉಸಿರಿನಲ್ಲಿ ಗೊತ್ತಾಗಿಬಿಡುತ್ತದೆ. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ: "ನಿಮ್ಮದು ಎಲ್ಲಿ ಆಯಿತು?" ಬಂಟ್ವಾಳ ಅಂದರೆ ಬಂಟ್ವಾಳದಲ್ಲಿ ಎಲ್ಲಿ, ಅಲ್ಲಿ ಯಾರ ಮನೆಯ ಹತ್ತಿರ. ಎರಡು ನಿಮಿಷದಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬ ಮಾವ ಸಿಕ್ಕೇ ಸಿಗುತ್ತಾನೆ. ಬೆಂಗಳೂರಿನಷ್ಟು ದೊಡ್ಡ ಊರಿನಲ್ಲಿ ಈ ಆಟ ನಡೆಯುವುದಿಲ್ಲ. ತಿಪಟೂರಿನಷ್ಟು ಸಣ್ಣ ಊರಿನಲ್ಲಿ ಇದು ಬೇಕಾಗುವುದೇ ಇಲ್ಲ. ಮಂಗಳೂರಿನ ಅಳತೆಯ ಊರಿಗೇ ಇದು ಸರಿ. ಎಲ್ಲರೂ ಎಲ್ಲರಿಗೂ ಗೊತ್ತಿರುವುದಿಲ್ಲ, ಆದರೆ ಎಲ್ಲರೂ ಯಾರದ್ದಾದರೂ ಗುರುತು ಹೇಳಬಲ್ಲರು.

ನನ್ನ ಸರದಿ ಬಂದಾಗ ಆಟ ನಿಂತುಹೋಗುತ್ತದೆ. "ಸರ್‌ನೇಮ್?" ಇಲ್ಲ. "ಇನಿಶಿಯಲ್ ಎಂತದ್ದು?" ಟಿ ಅಂದರೆ ಊರು, ಎಸ್ ಅಂದರೆ ಅಪ್ಪ. "ಹಾಂ, ಘಟ್ಟದವರು." ಅಲ್ಲಿಗೆ ಮಾತು ಮುಗಿಯಿತು. ಅದರಲ್ಲಿ ತಾತ್ಸಾರ ಏನೂ ಇಲ್ಲ. ಶಿರಾಡಿ ಘಾಟಿಯ ಆಚೆ ಇರುವುದೆಲ್ಲ ಘಟ್ಟ, ಅಷ್ಟೇ. ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲರೂ ಒಂದೇ ಡಬ್ಬಿಯಲ್ಲಿ. ಮೊದಮೊದಲು ನನಗೆ ಇದು ತಮಾಷೆಯಾಗಿತ್ತು, ಆಮೇಲೆ ಸ್ವಲ್ಪ ಬೇಜಾರಾಗುತ್ತಿತ್ತು. ಈಗ ಕೆಲವು ಸಲ ಅದೇ ಅನುಕೂಲ ಅನ್ನಿಸುತ್ತದೆ. ಯಾವ ಜಾತಿ ಅಂತ ಯಾರಿಗೂ ಸುಲಭಕ್ಕೆ ಹೊಳೆಯುವುದಿಲ್ಲ. ನಾನು ಮೀನು ತಿನ್ನುವುದಿಲ್ಲ ಅಂದಾಗ ಮಾತ್ರ ಎದುರಿದ್ದವರ ಕಣ್ಣಿನಲ್ಲಿ ಒಂದು ಲೆಕ್ಕ ಓಡುವುದು ಕಾಣುತ್ತದೆ. ಆ ಲೆಕ್ಕ ಎಲ್ಲಿಗೆ ಮುಟ್ಟಿತು ಅಂತ ನಾನು ಕೇಳಲು ಹೋಗುವುದಿಲ್ಲ.

ತಿನ್ನದಿದ್ದರೂ ಮೀನಿನ ಪಂಚಾಂಗ ನನಗೆ ಬಾಯಿಪಾಠವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ನಮ್ಮ ಊಟದ ಕೋಣೆಯಲ್ಲಿ ಒಂದು ಬಗೆಯ ಸೂತಕ. ಬಂಗುಡೆಯ ರೇಟು, ಬೂತಾಯಿಯ ರೇಟು, ಐಸಿನಲ್ಲಿಟ್ಟ ಮೀನಿನ ರುಚಿ ಯಾಕೆ ಹಾಳು, ಒಣಮೀನು ಯಾವ ಅಂಗಡಿಯಲ್ಲಿ ಒಳ್ಳೆಯದು, ಇದೇ ಚರ್ಚೆ. ಆಗಸ್ಟ್ ಬಂದರೆ ದಕ್ಕೆಯಲ್ಲಿ ದೋಣಿ ಬಂದ ಸುದ್ದಿಗೆ ಕ್ಯಾಶ್ ಕೌಂಟರಿನವರ ಮುಖ ಅರಳುತ್ತದೆ. ನನಗೆ ಬೇಕಾಗಿಲ್ಲದ ವಿಷಯವನ್ನು ಇಷ್ಟು ವಿವರವಾಗಿ ತಿಳಿದುಕೊಂಡದ್ದು ಇದೊಂದೇ ಇರಬೇಕು.

ಶಾಲೆಯ ಕನ್ನಡ, ಆಟದ ಕನ್ನಡ

ಕ್ಯಾಶ್ ಕೌಂಟರಿನಲ್ಲಿ ಕೂರುವ ನಮ್ಮ ಸಹೋದ್ಯೋಗಿಯನ್ನು ಎಲ್ಲರೂ ಅಕ್ಕ ಅಂತಲೇ ಕರೆಯುವುದು. ತಿಂಗಳ ಮೊದಲ ವಾರ ಅವರ ಪಕ್ಕದಲ್ಲಿ ಕೂತರೆ ನನಗೆ ಕೆಲಸವೇ ಮರೆತುಹೋಗುತ್ತದೆ. ಪಾಸ್‌ಬುಕ್ ಹಿಡಿದ ಅಜ್ಜನೊಬ್ಬ ಬಂದರೆ ಕೊಂಕಣಿ. ಬಂದರಿನ ಮೀನಿನ ವ್ಯಾಪಾರಿ ಬಂದರೆ ಬ್ಯಾರಿ. ನರ್ಸಿಂಗ್ ಓದಲು ಬಂದ ಹುಡುಗಿಗೆ ಮಲಯಾಳಂ. ಉಳಿದವರಿಗೆಲ್ಲ ತುಳು. ಬಂದವರು ಬಾಯಿ ತೆರೆಯುವ ಮೊದಲೇ ಇವರ ಭಾಷೆ ಬದಲಾಗಿರುತ್ತದೆ. ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಅದು ಗೊತ್ತಾಗ್ತದೆ ಸರ್" ಅಂದರು. ಅದರ ಮೇಲೆ ವಿವರಣೆ ಇಲ್ಲ.

ಒಂದು ಸೋಮವಾರ ಕಟ್ಟಡ ಕೆಲಸದ ಹುಡುಗನೊಬ್ಬ ಬಂದ. ಬಾಗಲಕೋಟೆ ಕಡೆಯವನು. "ರೊಕ್ಕ ತಗೀಬೇಕಿತ್ರಿ, ಈ ಚೀಟಿ ತುಂಬಾಕ ಬರೂದಿಲ್ಲ" ಅಂದ. ಅಕ್ಕ ತಲೆಯೆತ್ತಿ ಕನ್ನಡಕ್ಕೆ ತಿರುಗಿದರು. "ಎಷ್ಟು ತೆಗೆಯಬೇಕು? ಸಹಿ ಮಾಡಲಿಕ್ಕೆ ಬರ್ತದಾ? ಅಲ್ಲಿ ನಿಂತುಕೊಳ್ಳಿ." ಅವನು ಪೂರ್ತಿ ಅರ್ಥವಾಗದೆ ನನ್ನ ಕಡೆ ನೋಡಿದ. ನಾನು ತಿಪಟೂರು ಕನ್ನಡದಲ್ಲಿ ಹೇಳಿದೆ. ಅದೂ ಅವನಿಗೆ ಅರ್ಧವೇ ತಲುಪಿತು. ಮೂರು ಜನ, ಮೂವರದ್ದೂ ಕನ್ನಡ, ನಡುವೆ ಒಂದು ಚಲನ್. ಚಲನ್ ಹೇಗೋ ತುಂಬಿತು, ದುಡ್ಡೂ ಸಿಕ್ಕಿತು. ಆದರೆ ಆಮೇಲೆ ಇಡೀ ದಿನ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಅವನೂ ಘಟ್ಟದವನು, ನಾನೂ ಘಟ್ಟದವನು. ನನಗೆ "ಕುಳಿತುಕೊಳ್ಳಿ ಸರ್", ಅವನಿಗೆ "ನಿಂತುಕೊಳ್ಳಿ". ಬೆಳಿಗ್ಗೆ ಜಂಕ್ಷನ್ನುಗಳಲ್ಲಿ ಬುತ್ತಿ ಕಟ್ಟಿಕೊಂಡು ಕೂಲಿಗೆ ಕಾಯುವ ಗದಗ, ಕೊಪ್ಪಳ, ಬಾಗಲಕೋಟೆಯವರ ಮನೆಮಾತು ಕನ್ನಡ. ವರ್ಗವಾಗಿ ಬಂದ ನನ್ನಂಥ ಆಫೀಸರರ ಮನೆಮಾತು ಕನ್ನಡ. ನಡುವಿನ ಊರಿನ ಮನೆಮಾತು ಬೇರೆ. ನನಗೆ ಸಿಗುವ ಮರ್ಯಾದೆ ಕನ್ನಡಕ್ಕೆ ಸಿಗುವುದಲ್ಲ, ಕುರ್ಚಿಗೆ ಸಿಗುವುದು. ಇದು ಹೊಸ ವಿಷಯ ಏನಲ್ಲ. ಆದರೆ ತನ್ನ ವಿಷಯದಲ್ಲಿ ಕಣ್ಣಿಗೆ ಬಿದ್ದಾಗ ಸ್ವಲ್ಪ ಚುಚ್ಚುತ್ತದೆ. (ಮನೆಯಲ್ಲಿ ಕನ್ನಡ ಮಾತಾಡುವ ಸ್ಥಳೀಯರೂ ಇದ್ದಾರೆ, ಹವ್ಯಕರು ಇದ್ದಾರೆ. ಅವರ ಮನೆಯ ಕನ್ನಡ ನನಗೆ ತುಳುವಿನಷ್ಟೇ ಕಷ್ಟ. ಅದು ಬೇರೆ ಕಥೆ.)

ಇಲ್ಲಿನವರ ಕನ್ನಡ ಅಷ್ಟು ನೇರ, ಅಷ್ಟು ಪುಸ್ತಕದಂತೆ ಯಾಕೆ ಅಂತ ಘಟ್ಟದವರು ನಗುತ್ತಾರೆ. ನಾನೂ ಬರುವ ಮೊದಲು ನಗುತ್ತಿದ್ದೆ. ಸಿನಿಮಾಗಳು ಅದನ್ನು ಹಾಸ್ಯದ ಪಾತ್ರಕ್ಕೆ ಸಾಕಷ್ಟು ಬಳಸಿಕೊಂಡಿವೆ. ಆದರೆ ಕನ್ನಡ ಇವರಿಗೆ ಬಂದ ದಾರಿ ನೋಡಿ. ಅಮ್ಮನಿಂದ ಬಂದದ್ದಲ್ಲ. ಶಾಲೆಯಿಂದ ಬಂತು, ಪೇಪರಿನಿಂದ ಬಂತು, ರಾತ್ರಿ ಗದ್ದೆಯಲ್ಲಿ ಕೂತು ನೋಡಿದ ಯಕ್ಷಗಾನದಿಂದ ಬಂತು. ಇಲ್ಲಿ ಅದಕ್ಕೆ ಆಟ ಅನ್ನುತ್ತಾರೆ. ತುಳು ಪ್ರಸಂಗಗಳು ಆಮೇಲೆ ಬಂದವು. ಹಳೆಯ ಆಟದ ಪದ್ಯವೂ ಅರ್ಥವೂ (ಅಂದರೆ ವೇಷಧಾರಿಗಳ ಮಾತು) ಕನ್ನಡದ್ದೇ. ಕೃಷ್ಣನೂ ಕೌರವನೂ ಮಾತಾಡುವ ಭಾಷೆಯನ್ನು ಮೊದಲು ಕಲಿತವರು ಬ್ಯಾಂಕಿನಲ್ಲಿ "ಕುಳಿತುಕೊಳ್ಳಿ" ಅನ್ನದೆ ಇನ್ನೇನು ಅನ್ನಬೇಕು?

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ನೆನಪೇ ಇರುವುದಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟದ್ದು ಈ ಊರಿನಿಂದ. ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ನಾವು ಮೈಸೂರು ಮಹಾರಾಜರ ಪ್ರಜೆಗಳು, ಇವರು ಮದ್ರಾಸ್ ಪ್ರಾಂತ್ಯದವರು. 1956ರವರೆಗೆ ನಾವೂ ಇವರೂ ಒಂದೇ ರಾಜ್ಯದಲ್ಲೂ ಇರಲಿಲ್ಲ. ಆದರೂ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಊರು ಕನ್ನಡಕ್ಕೆ ಅಚ್ಚಿನ ಮನೆಯಾಯಿತು. ಮನೆಮಾತನ್ನು ಒಳಗೆ ಇಟ್ಟುಕೊಂಡು ಬರಹವನ್ನೂ ಶಾಲೆಯನ್ನೂ ಕನ್ನಡಕ್ಕೆ ಬಿಟ್ಟುಕೊಟ್ಟರು. ನನ್ನ ಜೊತೆ ಕನ್ನಡ ಮಾತಾಡುವುದು ಇವರಿಗೆ ಹೊಸ ಔದಾರ್ಯವಲ್ಲ, ಹಳೆಯ ಅಭ್ಯಾಸ. ಹೊರಗಿನ ವ್ಯವಹಾರದ ಭಾಷೆ ಕನ್ನಡ, ಒಳಗಿನದ್ದು ಬೇರೆ. ನಾನು ಕನ್ನಡದವನಾದ್ದರಿಂದ ನನಗೆ ಹೊರಗಿನ ಬಾಗಿಲೇ ಸಿಗುತ್ತದೆ. ಇದು ಅರ್ಥವಾದ ಮೇಲೆ ಊಟದ ಕೋಣೆಯ ಕೊರಗು ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಬ್ಯಾಂಕುಗಳ ವಿಲೀನದ ಮೇಲೆ ಇದಕ್ಕೊಂದು ಹೊಸ ತಿರುವು ಬಂತು. ದಕ್ಷಿಣ ಕನ್ನಡ, ಉಡುಪಿ, ಈ ಎರಡು ಜಿಲ್ಲೆಗಳಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ. ಇವತ್ತು ಯಾವ ಬ್ಯಾಂಕಿಗೆ ಹೋದರೂ ಉತ್ತರದ ಕಡೆಯ ಒಬ್ಬ ಎಳೆಯ ಆಫೀಸರ್ ಕಾಣುತ್ತಾನೆ. ನಮ್ಮಲ್ಲೂ ಒಬ್ಬ ಇದ್ದಾನೆ, ಒಳ್ಳೆಯ ಹುಡುಗ, ಹಿಂದಿ ಮಾತ್ರ ಬರುತ್ತದೆ. ಅವನ ಎದುರು ಕೂತ ಹಳ್ಳಿಯ ಹೆಂಗಸರು ಒದ್ದಾಡಿ ಕೊನೆಗೆ ನನ್ನ ಮೇಜಿಗೆ ಬರುತ್ತಾರೆ. "ಅಬ್ಬ, ನಮ್ಮವರು ಒಬ್ಬರಾದರೂ ಇದ್ದೀರಲ್ಲ" ಅನ್ನುತ್ತಾರೆ. ಅವನು ಪಕ್ಕದಲ್ಲಿ ಇರುವಷ್ಟು ಹೊತ್ತು ನಾನು ಊರಿನವನು. ಅವನು ರಜೆ ಹಾಕಿದ ದಿನ ಮತ್ತೆ ಘಟ್ಟದವನು.

ಕೊಬ್ಬರಿ ಒಣಗದ ಊರು

ತಿಪಟೂರು ಅಂದರೆ ಕೊಬ್ಬರಿ. ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಹಾಗಾಗಿ ಮಂಗಳೂರಿಗೆ ವರ್ಗ ಅಂದಾಗ ಮನೆಯಲ್ಲಿ ಯಾರಿಗೂ ಹೆದರಿಕೆಯಾಗಲಿಲ್ಲ. ತೆಂಗಿನ ಊರಿನಿಂದ ತೆಂಗಿನ ಊರಿಗೆ ಹೋಗುತ್ತಿದ್ದೀಯ, ಇನ್ನೇನು ಅಂದರು. ಆದರೆ ಮರ ಒಂದೇ ಆದರೂ ಕಾಯಿಯ ಬಾಳು ಬೇರೆ. ನಮ್ಮಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಎಂಟು, ಹತ್ತು ತಿಂಗಳು. ಒಳಗಿನ ನೀರು ತಾನಾಗಿ ಇಂಗುತ್ತದೆ. ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಅದು ಉಂಡೆ ಕೊಬ್ಬರಿ. ಒಣಹವೆ ಇಲ್ಲದೆ ಅದು ಆಗುವ ಕೆಲಸವಲ್ಲ. ಕರಾವಳಿಯಲ್ಲಿ ಕಾಯಿ ಒಡೆದು ಹೋಳನ್ನು ಬಿಸಿಲಿಗೋ ಹೊಗೆಗೋ ಒಡ್ಡಿ ಬೇಗ ಒಣಗಿಸಿ ಗಾಣಕ್ಕೆ ಕಳಿಸುತ್ತಾರೆ. ನಮ್ಮದು ಕಾದು ಕೂರುವ ಬೆಳೆ, ಇವರದ್ದು ಮಳೆಗೆ ಮೊದಲು ಮುಗಿಸುವ ಬೆಳೆ.

ಆ ಮಳೆಯ ಬಗ್ಗೆ ಎಷ್ಟು ಹೇಳಿದರೂ ಊರಿನವರಿಗೆ ನಂಬಿಕೆ ಬರುವುದಿಲ್ಲ. ತುಮಕೂರು ಜಿಲ್ಲೆಯಲ್ಲಿ ವರ್ಷವಿಡೀ ಸುರಿಯುವುದು ಆರೇಳು ನೂರು ಮಿಲಿಮೀಟರ್. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಿಗೆ ಅದಕ್ಕಿಂತ ಜಾಸ್ತಿ ಬೀಳುತ್ತದೆ. ವರ್ಷಕ್ಕೆ 3500 ದಾಟುತ್ತದೆ. ಮೊದಲ ಮಳೆಗಾಲದಲ್ಲಿ ನನಗೆ ಮಳೆಯ ನೀರಿಗಿಂತ ಮಳೆಯ ಗಾಳಿ ಹೆಚ್ಚು ಕಾಟ ಕೊಟ್ಟಿತು. ಬಟ್ಟೆ ಒಣಗುವುದಿಲ್ಲ, ಒಣಗಿದಂತೆ ಕಂಡರೂ ವಾಸನೆ. ಬೀರುವಿನಲ್ಲಿದ್ದ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಗೇಟಿನ ಚಿಲಕ ಕೈಗೆ ಬಂತು. ಮಗಳ ಸೈಕಲ್ಲಿನ ಚೈನು ಒಂದೇ ತಿಂಗಳಲ್ಲಿ ಕೆಂಪಾಯಿತು. ಹೊಸ ತಾರಸಿ ಮನೆಗಳ ಮೇಲೂ ತಗಡಿನ ಶೀಟು ಯಾಕೆ ಹೊದಿಸಿರುತ್ತಾರೆ ಅಂತ ಆಗ ಗೊತ್ತಾಯಿತು. ನಾನು ಮುಂಚೆ ಅದು ಇಲ್ಲಿನವರ ಷೋಕಿ ಅಂದುಕೊಂಡಿದ್ದೆ. ಇಷ್ಟು ಮಳೆ ಬೀಳುವ ಊರಿನಲ್ಲಿ 2016ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ತಳ ಕಂಡು ಪಾಳಿಯ ಮೇಲೆ ನಲ್ಲಿ ಬಿಟ್ಟಿದ್ದರು ಅಂದರೆ ಊರಿನವರು ನಗುತ್ತಾರೆ. ಮಳೆ ಸುರಿದಷ್ಟೇ ಬೇಗ ಕೆಂಪು ಗುಡ್ಡಗಳಿಂದ ಇಳಿದು ಕಡಲಿಗೆ ಹೋಗುತ್ತದೆ. ಹಳೇ ಮನೆಗಳ ಬಾವಿಗಳನ್ನು ಮುಚ್ಚದೆ ಇಟ್ಟುಕೊಂಡವರು ಆ ಬೇಸಿಗೆಯಲ್ಲಿ ಗೆದ್ದರಂತೆ.

ಮನೆ ಹುಡುಕುವಾಗ ಒಬ್ಬರು ಹೇಳಿದ ಮಾತು ಉಪಯೋಗಕ್ಕೆ ಬಂತು. ಹೆಸರಿನ ಕೊನೆಯಲ್ಲಿ ಗುಡ್ಡೆ, ಪದವು ಇರುವ ಕಡೆ ನೋಡಿ, ಬೈಲು ಇರುವ ಕಡೆ ನೋಡುವುದಾದರೆ ಮಳೆಯಲ್ಲಿ ಒಮ್ಮೆ ಹೋಗಿ ನೋಡಿ ಅಂದರು. 2018ರ ಮೇ 29ರಂದು ನಗರದ ತಗ್ಗು ಪ್ರದೇಶಗಳೆಲ್ಲ ಒಂದೇ ದಿನದ ಮಳೆಗೆ ಮುಳುಗಿದ್ದನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ನಾವು ಗುಡ್ಡೆ ಹಿಡಿದೆವು. ದಿನಾ ಏರು ಹತ್ತಬೇಕು, ಕಾಲು ನೋಯುತ್ತದೆ, ಆದರೆ ಮನೆಯೊಳಗೆ ನೀರು ಬರುವುದಿಲ್ಲ.

ನಮ್ಮ ಮನೆ ಓನರ್ ಒಬ್ಬರು ಕ್ಯಾಥೊಲಿಕ್ ಹೆಂಗಸು. ಮಕ್ಕಳು ಗಲ್ಫಿನಲ್ಲಿದ್ದಾರೆ. ನಾವು ಆಂಟಿ ಅನ್ನುತ್ತೇವೆ. ಮೊದಲ ಜೂನಿನಲ್ಲಿ ಅಮ್ಮ ಊರಿನಿಂದ ಒಂದು ಚೀಲ ಉಂಡೆ ಕೊಬ್ಬರಿ ಕಳಿಸಿದ್ದರು. ಹದಿನೈದು ದಿನದೊಳಗೆ ಅದಕ್ಕೆಲ್ಲ ಬೂಷ್ಟು ಹಿಡಿಯಿತು. ಆಂಟಿ ಒಂದು ಉಂಡೆ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತೆಂಗಿನ ತೋಟದ ನಡುವೆ ಬೆಳೆದವರಿಗೆ ಇಡೀ ಉಂಡೆಯಾದ ಕೊಬ್ಬರಿ ಹೊಸದು. "ಇದನ್ನು ಒಡೆಯದೆ ಹೀಗೆ ಹೇಗೆ ಮಾಡುವುದು?" ಅಂತ ಕೇಳಿದರು. ನಾನು ಅಟ್ಟದ ಕಥೆ ಹೇಳಿದೆ. ಪೂರ್ತಿ ಕೇಳಿ, "ಇಲ್ಲಿ ಅಷ್ಟು ಸಮಯ ಇಟ್ಟರೆ ಅದರಲ್ಲಿ ಮರ ಹುಟ್ಟಿಬಿಡ್ತದೆ" ಅಂದರು. ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್‌ಗೆ, ಅಂದರೆ ಅವರ ತೆನೆಹಬ್ಬಕ್ಕೆ, ನಮ್ಮನ್ನು ಊಟಕ್ಕೆ ಕರೆದರು. ವರ್ಷದಲ್ಲಿ ಅವರ ಮನೆಯಲ್ಲಿ ಮೀನು ಮಾಂಸ ಇಲ್ಲದ ದೊಡ್ಡ ಊಟ ಅದೇ. ಬಾಳೆ ಎಲೆ, ಸಾಲಾಗಿ ತರಕಾರಿ ಪಲ್ಯಗಳು, ಚರ್ಚಿನಿಂದ ತಂದ ಹೊಸ ತೆನೆಯ ಕಾಳು ಹಾಕಿದ ತೆಂಗಿನ ಹಾಲು. "ನಿಮಗೆ ಧೈರ್ಯದಲ್ಲಿ ಕರೆಯಬಹುದಾದ ದಿನ ಇದೊಂದೇ" ಅಂತ ನಕ್ಕರು. ಅಡುಗೆಗೆಲ್ಲ ತೆಂಗಿನೆಣ್ಣೆ. ಕಡ್ಲೆಕಾಯಿ ಎಣ್ಣೆಗೆ ಹುಟ್ಟಿದ ನಮ್ಮ ನಾಲಿಗೆಗೆ ಆಗ ಅದು ಒಗ್ಗಲಿಲ್ಲ. ಈಗ ಊರಿಗೆ ಹೋದರೆ ಒಗ್ಗರಣೆಯಲ್ಲಿ ಏನೋ ಕಡಿಮೆ ಅನ್ನಿಸುತ್ತದೆ. ಅಮ್ಮನ ಎದುರು ಹೇಳುವುದಿಲ್ಲ.

ಭಾನುವಾರದ ಊರು

ಭಾನುವಾರ ಹಂಪನಕಟ್ಟೆಗೆ ಹೋಗಿ ನೋಡಿ. ಅರ್ಧ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಬಸ್ಸು ಕಡಿಮೆ, ರಸ್ತೆ ಖಾಲಿ. ಇಷ್ಟು ಜನ ಎಲ್ಲಿ ಹೋದರು ಅಂತ ಮೊದಲು ಆಶ್ಚರ್ಯವಾಗುತ್ತಿತ್ತು. ಊರಿಗೆ ಹೋದರು. ಇಲ್ಲಿಯವರಿಗೆ ಊರು ಅಂದರೆ ಒಂದು ಗಂಟೆಯ ಬಸ್ಸು. ಬಂಟ್ವಾಳ, ಪುತ್ತೂರು, ಮೂಡಬಿದಿರೆ, ಕಾರ್ಕಳ. ಅಲ್ಲಿ ತರವಾಡು ಮನೆ, ಅಡಿಕೆ ತೋಟ, ದೈವದ ಗುಡಿ. ಯಾರದ್ದೋ ಗೃಹಪ್ರವೇಶ, ಯಾರದ್ದೋ ನೇಮ (ದೈವದ ಉತ್ಸವ), ಎಲ್ಲೋ ದೇವಸ್ಥಾನದ ಬ್ರಹ್ಮಕಲಶ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ನೇಮಗಳು ಮುಗಿಯುವ ದಿನದವರೆಗೆ, ಒಂದು ವಾರವೂ ಬಿಡುವಿರುವುದಿಲ್ಲ. ನಗರ ಇವರಿಗೆ ಸೋಮವಾರದಿಂದ ಶನಿವಾರದವರೆಗೆ ಮಾತ್ರ. ನಮಗೆ ಏಳೂ ದಿನ. ಭಾನುವಾರ ಮಂಗಳೂರಿನಲ್ಲಿ ಉಳಿಯುವವರು ಬಾಗಲಕೋಟೆಯ ಹುಡುಗರು, ನರ್ಸಿಂಗ್ ಹಾಸ್ಟೆಲಿನ ಹುಡುಗಿಯರು, ಹಿಂದಿ ಆಫೀಸರ್ ಮತ್ತು ನಾವು. ಪಣಂಬೂರು ಬೀಚಿನಲ್ಲಿ ಎಲ್ಲರೂ ಸಿಗುತ್ತೇವೆ. ಕಡಲು ನೋಡಲು ಅಷ್ಟು ಆಸೆಯಿಂದ ಬರುವವರು ಹೆಚ್ಚಾಗಿ ಹೊರಗಿನವರೇ ಅಂತ ನನ್ನ ಅನುಮಾನ.

ಹಾಗಿರುವಾಗ ಕ್ಯಾಶ್ ಕೌಂಟರಿನ ಅಕ್ಕ ಒಂದು ಭಾನುವಾರ ತಮ್ಮ ಊರಿಗೆ ಕರೆದರು. ಮಾರನೇ ದಿನ ಅವರ ಮನೆಯಲ್ಲಿ ನೇಮ. ತಯಾರಿಗೆ ಎಲ್ಲರೂ ಸೇರಿದ್ದರು. ಅಂಗಳದಲ್ಲಿ ಚಪ್ಪರ, ಒಂದು ಮೂಲೆಯಲ್ಲಿ ಕಾಯಿಯ ರಾಶಿ. ನಾನು ಹೋದಲ್ಲೆಲ್ಲ ಕನ್ನಡ ಎದ್ದು ನಿಂತಿತು. "ಬನ್ನಿ, ಕುಳಿತುಕೊಳ್ಳಿ, ಎಂತ ತೆಗೆದುಕೊಳ್ಳುತ್ತೀರಿ, ಎಳನೀರಾ ಚಹಾನಾ?" ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಚಪ್ಪರದ ನಡುವೆ ಹಾಕಿದರು. ಸುತ್ತ ಐವತ್ತು ಜನ ಕೆಲಸ ಮಾಡುತ್ತಿದ್ದರು, ನಡುವೆ ಕುರ್ಚಿಯಲ್ಲಿ ನಾನು. ಅಕ್ಕನ ದೊಡ್ಡಮ್ಮ ಒಬ್ಬರಿದ್ದರು, ಎಂಬತ್ತರ ಹತ್ತಿರ. ಶಾಲೆಗೆ ಹೋದವರಲ್ಲ, ಹಾಗಾಗಿ ಕನ್ನಡ ಬಾರದು. ಅವರು ನೇರ ಬಂದು ತುಳುವಿನಲ್ಲೇ ಶುರು ಮಾಡಿದರು. "ಎಂಕ್ ತುಳು ಬರ್ಪುಜ್ಜಿ" ಅಂದೆ, ನನಗೆ ತುಳು ಬರುವುದಿಲ್ಲ ಅಂತ. ಬಸ್ಸಿನಲ್ಲಿ ಕಲಿತ ವಾಕ್ಯ. ತುಳು ಬರುವುದಿಲ್ಲ ಅಂತ ತುಳುವಿನಲ್ಲೇ ಹೇಳುತ್ತಿದ್ದಾನಲ್ಲ ಅಂದುಕೊಂಡರೋ ಏನೋ, ಅವರು ನಿಲ್ಲಿಸಲೇ ಇಲ್ಲ. ಮಳೆ, ಅಡಿಕೆ, ಯಾರದ್ದೋ ಮೊಣಕಾಲು ನೋವು. ನನಗೆ ಅರ್ಧ ಅರ್ಥವಾಯಿತು. ಉಳಿದದ್ದಕ್ಕೆ "ಅಂದ್" ಅಂದೆ. ಹೌದು ಅಂತ. ಇಷ್ಟು ವರ್ಷಗಳಲ್ಲಿ ನನಗೋಸ್ಕರ ಬದಲಾಗದೆ ಮಾತಾಡಿದ ಮೊದಲ ಮನುಷ್ಯರು ಅವರೇ.

ಆಮೇಲೆ ಅವರು ಕಾಯಿ ರಾಶಿಯ ಕಡೆ ಕೈ ತೋರಿಸಿ ಏನೋ ಹೇಳಿದರು. ಅಕ್ಕ ಗಾಬರಿಯಾದರು. "ಬೇಡ ಸರ್, ಅವರಿಗೆ ಗೊತ್ತಾಗುವುದಿಲ್ಲ, ನೀವು ಕುಳಿತುಕೊಳ್ಳಿ" ಅಂದರು. ನಾನು ಎದ್ದೆ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಹೋಗಿ ನಿಂತೆ. ಸಣ್ಣಂದಿನಿಂದ ಮಾಡಿದ ಕೆಲಸ ಕೈ ಮರೆಯುವುದಿಲ್ಲ. ಕಾಯಿಯ ತೊಟ್ಟಿನ ಹತ್ತಿರ ಚುಚ್ಚಿ ಒಂದು ತಿರುವು, ಮತ್ತೊಂದು ಕಡೆ ಚುಚ್ಚಿ ಇನ್ನೊಂದು ತಿರುವು, ಸಿಪ್ಪೆ ಬಿಟ್ಟಿತು. ಬ್ಯಾಂಕಿನ ಸಾಹೇಬರು ಅಂಗಿಯ ತೋಳು ಮಡಿಸಿ ಕಾಯಿ ಸುಲಿಯುವುದನ್ನು ನೋಡಲು ಮಕ್ಕಳು ಸೇರಿದರು. ಪಕ್ಕದಲ್ಲಿ ಸುಲಿಯುತ್ತಿದ್ದವನಿಗೂ ನನಗೂ ಹೇಳದೇ ಒಂದು ಪಂದ್ಯ ಶುರುವಾಯಿತು. ರಾಶಿ ಕರಗಿತು. ಬೆನ್ನು ಹಿಡಿಯಿತು, ಅದು ಬೇರೆ. ದೊಡ್ಡಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದವರು ನನ್ನ ಬಗ್ಗೆ ಏನೋ ಒಂದು ಮಾತು ಅಂದರು. ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೂರು ಹೆಂಗಸರು ಕೆಲಸ ಬಿಟ್ಟು ಕೂತರು. "ಏನಂದರು?" ಅಂತ ಅಕ್ಕನನ್ನು ಕೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತಾ ತಲೆ ಆಡಿಸಿದರು. "ಅದು ಕನ್ನಡದಲ್ಲಿ ಆಗುವುದಿಲ್ಲ ಸರ್, ಬಿಡಿ."

ಯಾರೂ ನನಗೆ ಅನುವಾದ ಮಾಡಿ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ನನ್ನನ್ನು ಕುರ್ಚಿಗೆ ಕರೆಯಲೂ ಇಲ್ಲ. ಕಾಯಿ ಸುಲಿದವರ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಕುಚ್ಚಲಕ್ಕಿ ಅನ್ನ ಉಂಡೆ. ಬಡಿಸುವವನು "ನುಪ್ಪು?" ಅಂತ ಕೇಳಿ ಉತ್ತರಕ್ಕೆ ಕಾಯದೆ ಅನ್ನ ಹಾಕಿ ಮುಂದೆ ಹೋದ. ಮರ್ಯಾದೆ ಅಂದರೆ ಒಂದು ಬಗೆಯ ದೂರ ಅಂತ ಯಾವಾಗಲೂ ಗೊತ್ತಿತ್ತು. ಆ ದೂರ ಕಡಿಮೆಯಾಗಲು ಭಾಷೆ ಕಲಿಯಬೇಕು ಅಂದುಕೊಂಡಿದ್ದೆ. ನನಗೆ ಸಿಕ್ಕ ದಾರಿ ಬೇರೆ. ಕೈಯಲ್ಲಿ ಏನಾದರೂ ಕೆಲಸ ಇರಬೇಕು, ಅದು ಅವರಿಗೂ ಬೇಕಾದ ಕೆಲಸ ಆಗಿರಬೇಕು. ಬಾಗಲಕೋಟೆಯ ಹುಡುಗನ ನೆನಪಾಗಿ ಇದೂ ಪೂರ್ತಿ ನಿಜವಲ್ಲ ಅನ್ನಿಸಿತು. ಅವನು ಈ ಊರಿನ ಎಷ್ಟು ಮನೆಗಳ ಕೆಂಪು ಕಲ್ಲು ಹೊತ್ತಿಲ್ಲ? ಅವನನ್ನು ಯಾರು ಪಂಕ್ತಿಯಲ್ಲಿ ಕೂರಿಸಿದರು? ನಾನು ಕುರ್ಚಿಯಿಂದ ಇಳಿದು ಬಂದೆ ಅಂತ ತಾನೇ ಎಲ್ಲರಿಗೂ ಅಷ್ಟು ಚಂದ ಕಂಡದ್ದು.

ಊಟದ ಕೋಣೆಯಲ್ಲಿ ಈಗಲೂ ಕನ್ನಡಕ್ಕೆ ಬದಲಾಗುತ್ತಾರೆ. ಆದರೆ ಎಲ್ಲರೂ ಅಲ್ಲ, ಪೂರ್ತಿಯೂ ಅಲ್ಲ. ಕಥೆ ಬಿಸಿಯೇರಿದಾಗ ತುಳುವಿಗೆ ಜಾರುತ್ತದೆ, ಯಾರೂ ನಿಲ್ಲಿಸುವುದಿಲ್ಲ. ನನಗೆ ಮುಕ್ಕಾಲು ಅರ್ಥವಾಗುತ್ತದೆ, ಮಾತಾಡಲು ಬಾಯಿ ಹೊರಳುವುದಿಲ್ಲ. ಮಗಳು ಶಾಲೆಯ ವ್ಯಾನಿನಲ್ಲೇ ಕಲಿತು ಮುಗಿಸಿದ್ದಾಳೆ. ನನ್ನ ಉಚ್ಚಾರ ಕೇಳಿ ಕಿವಿ ಮುಚ್ಚಿಕೊಳ್ಳುತ್ತಾಳೆ. ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕು, ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡಬೇಕು ಅನ್ನುವ ಚರ್ಚೆ ಬಂದಾಗ "ನೀವು ಎಂತ ಹೇಳ್ತೀರಿ ಸರ್?" ಅಂತ ನನ್ನ ಕಡೆ ತಿರುಗುತ್ತಾರೆ, ಇಡೀ ಘಟ್ಟದ ಪರವಾಗಿ ನಾನೇ ಉತ್ತರ ಕೊಡಬೇಕು ಅನ್ನುವ ಹಾಗೆ. ಆಗಬೇಕು ಅನ್ನುತ್ತೇನೆ. 2011ರ ಜನಗಣತಿಯಲ್ಲೇ 18 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತು ತುಳು ಅಂದಿದ್ದಾರೆ. ಇಷ್ಟು ಕಾಲ ಕನ್ನಡಕ್ಕೆ ಜಾಗ ಬಿಟ್ಟವರಿಗೆ ಕನ್ನಡದವರು ಸ್ವಲ್ಪ ಸರಿದು ಕೂತರೆ ಏನೂ ಕಳೆದುಕೊಳ್ಳುವುದಿಲ್ಲ. ಆಮೇಲೆ ಬ್ಯಾಂಕಿನ ಚಲನ್ನೂ ತುಳುವಿನಲ್ಲಿ ಬಂದರೆ ನನಗೆ ಓದಿ ಹೇಳಲು ಮಗಳಿದ್ದಾಳೆ.

ಅಮ್ಮ ಈ ವರ್ಷ ಬಂದು ಒಂದಿಷ್ಟು ದಿನ ಇದ್ದರು. ಅವರಿಗೆ ನನ್ನ ಈ ತಲೆನೋವು ಯಾವುದೂ ಇಲ್ಲ. ಆಂಟಿಯ ಜೊತೆ ತಿಪಟೂರು ಕನ್ನಡದಲ್ಲಿ ಅದೇ ವೇಗದಲ್ಲಿ ಮಾತಾಡಿದರು. ಆಂಟಿ ಸುಸ್ತಾದಾಗ ಕೊಂಕಣಿಗೆ ಇಳಿದರು. ಇಬ್ಬರೂ ಸೊಸೆಯರ ವಿಷಯದಲ್ಲಿ ಪೂರ್ತಿ ಒಪ್ಪಿಕೊಂಡಂತೆ ಕಂಡಿತು. ಕೊಬ್ಬರಿಗೆ ಬೂಷ್ಟು ಬರುತ್ತದೆ, ಕಳಿಸಬೇಡಮ್ಮ ಅಂದರೆ "ಅಟ್ಟದ ಮ್ಯಾಲೆ ಇಕ್ಕೋಕೇನು ರೋಗ?" ಅಂತ ಕೇಳಿದರು. ಬಾಡಿಗೆ ಮನೆಯಲ್ಲಿ ಅಟ್ಟ ಎಲ್ಲಿದೆ? ಕೊನೆಗೆ ಆಂಟಿಯೇ ದಾರಿ ಹುಡುಕಿದರು. ಹೊಸ ಚೀಲದ ಕೊಬ್ಬರಿ ಬೂಷ್ಟು ಹಿಡಿಯುವ ಮೊದಲೇ ಹೋಳು ಮಾಡಿಸಿ, ತಮ್ಮ ಬಚ್ಚಲ ಒಲೆಯ ಮೇಲೆ ಹೊಗೆಗೆ ಒಣಗಿಸಿ, ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿದರು. ಒಂದು ಕ್ಯಾನು ತಿಪಟೂರಿಗೂ ಕಳಿಸಿದರು. ಪಲ್ಯಕ್ಕೆ ಹಾಕಿ ನೋಡಲು ಹೇಳಿ ಅಂತ ನನ್ನ ಹತ್ತಿರ ಹೇಳಿ ಕಳಿಸಿದ್ದರು. ವಾರದ ಮೇಲೆ ಅಮ್ಮನ ಫೋನು ಬಂತು. "ಎಣ್ಣೆ ಭೋ ಚೆನ್ನಾಗೈತೆ ಅಂತ ಆಯಮ್ಮಂಗೆ ಹೇಳು. ತಲೆಗೆ ಹಚ್ಕತಾ ಇವ್ನಿ ಅಂತ ಮಾತ್ರ ಹೇಳ್ಬ್ಯಾಡ." ಆಂಟಿಗೆ ಮೊದಲ ಅರ್ಧ ಮುಟ್ಟಿಸಿದ್ದೇನೆ. ಅವರು ಖುಷಿಯಾಗಿ ಇನ್ನೊಂದು ಕ್ಯಾನು ತೊಳೆದು ಇಟ್ಟಿದ್ದಾರೆ.